ಆರು ಸಲ ಇಳಿಸಿದ ಡಬ್ಬ

ಊರೆಲ್ಲ ಹಲ್ಲು ಮೇಸ್ತ್ರಿ ಎಂದು ಕರೆಯುವ ಮನುಷ್ಯ ನನ್ನ ತಂಗಿಯ ಗಂಡ. ಹೊಸಬರು ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಅವನ ಶೆಡ್ಡಿಗೆ ಬಂದದ್ದುಂಟು. ಅಂಥ ಒಬ್ಬನನ್ನು ಅವನು ಬೆಂಚಿನ ಮೇಲೆ ಕೂರಿಸಿ, ಟಾರ್ಚು ಬಿಟ್ಟು ಬಾಯೊಳಗೆ ನೋಡಿ, "ಕೆಳಗೆ ಎಡಗಡೆ ಸವೆದಿದೆ. ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು?" ಎಂದು ಕೇಳಿದನಂತೆ. ಅಂತೆ ಯಾಕೆ, ನಾನೇ ಅಲ್ಲಿದ್ದೆ.

ಅವನು ಎಣಿಸುವುದು ಬಾಯಿಯ ಹಲ್ಲಲ್ಲ. ತನ್ನ ಬಾಯಲ್ಲಿ ಎಷ್ಟು ಉಳಿದಿವೆ ಎಂಬುದು ಅವನಿಗೇ ಗೊತ್ತಿಲ್ಲ. ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ, ಅಚ್ಚಿನ ಮೇಲೆ, ಕುಂಬಳಕಾಯಿಯಂಥ ಒಂದು ಗುಂಡು ಇರುತ್ತದಲ್ಲ, ಅದರೊಳಗೆ ಇಬ್ಬರ ಸಂಸಾರ. ದೊಡ್ಡದರ ಹೆಸರು ಕ್ರೌನ್, ಅದಕ್ಕೆ ನಲವತ್ತೊಂದು ಹಲ್ಲು. ಚಿಕ್ಕದು ಪಿನಿಯನ್, ಅದಕ್ಕೆ ಹನ್ನೊಂದೋ ಹತ್ತೋ ಒಂಬತ್ತೋ. ಎಂಜಿನ್ನು ಚಿಕ್ಕದನ್ನು ತಿರುಗಿಸುತ್ತದೆ, ಚಿಕ್ಕದು ದೊಡ್ಡದನ್ನು, ದೊಡ್ಡದು ಚಕ್ರವನ್ನು. ಚಿಕ್ಕದಕ್ಕೆ ಹಲ್ಲು ಕಡಿಮೆಯಾದಷ್ಟೂ ಗಾಡಿಗೆ ಬಲ ಹೆಚ್ಚು, ಓಟ ಕಡಿಮೆ. ಹಲ್ಲು ಹೆಚ್ಚಾದರೆ ಓಟ ಹೆಚ್ಚು, ಬಲ ಕಡಿಮೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಮುಂದೆಯೂ ಇಂಥದೇ ಒಂದು ಸಂಸಾರ ಇರುತ್ತದೆ, ಎರಡೂ ಮನೆಯ ಲೆಕ್ಕ ಒಂದೇ ಆಗಿರಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ಒಂದೂರಿಗೆ, ಹಿಂದಿನದು ಇನ್ನೊಂದೂರಿಗೆ ಹೊರಟು, ನಡುವೆ ಕೂತವನು ಎರಡು ತುಂಡಾಗುತ್ತಾನೆ. ಒಬ್ಬ ಆಗಿದ್ದಾನೆ, ಈಗ ಅರ್ಧ ಇಲ್ಲಿ, ಅರ್ಧ ಹೆಂಡತಿಯ ತವರಲ್ಲಿ.

ಈ ಹಲ್ಲಿನ ಕಿವಿ ಅವನಿಗೆ ಮೊದಲಿನಿಂದಲೂ ಇತ್ತು. ನನ್ನ ತಂಗಿಯನ್ನು ನೋಡಲು ನಮ್ಮ ಮನೆಗೆ ಬಂದಾಗ ಅವನಿಗೆ ಇಪ್ಪತ್ತಾರು. ತಂಗಿ ಟೀ ತಂದಿಟ್ಟಳು. ಅವನು ತಲೆ ಎತ್ತಲಿಲ್ಲ. ಗೋಡೆಯ ಕಡೆ ಕಿವಿ ಕೊಟ್ಟು ಕೂತಿದ್ದ. ಕೊನೆಗೆ ನಮ್ಮಪ್ಪನಿಗೆ, "ನಿಮ್ಮ ಗಡಿಯಾರದಲ್ಲಿ ಒಂದು ಹಲ್ಲು ಸವೆದಿದೆ" ಎಂದ. ಅಷ್ಟೇ ಅವತ್ತಿನ ಮಾತುಕತೆ. ಅವನು ಹೋದ ಮೇಲೆ ನಮ್ಮಮ್ಮ ಅಳುವುದಕ್ಕೆ ಶುರುಮಾಡಿದಳು. ತಂಗಿ ಮಾತ್ರ, "ನನ್ನ ಮುಖ ನೋಡದವನು ಇನ್ನೊಬ್ಬಳ ಮುಖವನ್ನೂ ನೋಡೋದಿಲ್ಲ, ಆಗಲಿ" ಎಂದಳು. ಅವಳ ಅಂದಾಜು ಇಲ್ಲಿಯವರೆಗೆ ತಪ್ಪಾಗಿಲ್ಲ. ಗಡಿಯಾರವೂ ಸರಿಹೋಯಿತು.

ಮದುವೆಯಾದ ವಾರಕ್ಕೇ ಅವಳು ಗಂಡನಿಗೆ ಒಂದು ಪಾಠ ಹೇಳಿಕೊಟ್ಟಳಂತೆ: "ನಮ್ಮಣ್ಣ ಏನು ಹೇಳಿದ್ರೂ ಅರ್ಧ ಮಾಡಿಕೊಳ್ಳಿ." ಇದು ನನ್ನ ಮೇಲಿನ ಅಪವಾದ. ನಾನು ಮೂವತ್ತೈದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ದಿನಕ್ಕೆ ನಾನೂರು ಜನರ ಜೊತೆ ಮಾತಾಡಿದವನ ಬಾಯಲ್ಲಿ ಉಪ್ಪು ಒಂದು ಚಿಟಿಕೆ ಮುಂದಿರುತ್ತದೆ, ತಪ್ಪೇನು? ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ತಂದರೂ ನನಗೆ ದಾರಿಯಲ್ಲೊಂದು ಚಿರತೆ ಸಿಗುತ್ತದೆ. ಅದು ನನ್ನ ಹಣೆಬರಹ. ಮೇಸ್ತ್ರಿ ಹೆಂಡತಿಯ ಪಾಠವನ್ನು ನಲವತ್ತು ವರ್ಷ ತಪ್ಪದೆ ಪಾಲಿಸಿದ. ನಾನು ನೂರು ಮೆಟ್ಟಿಲು ಎಂದರೆ ಅವನು ಐವತ್ತು ಹತ್ತುವಷ್ಟೇ ಉಸಿರು ಎಳೆದುಕೊಳ್ಳುತ್ತಿದ್ದ. ನಾನು ಎರಡು ದೋಣಿ ಮುಳುಗಿದವು ಎಂದರೆ ಒಂದಕ್ಕೆ ಮಾತ್ರ ಮರುಗುತ್ತಿದ್ದ.

ಅವನ ಶೆಡ್ಡು ಗುಡ್ಡದ ಬುಡದಲ್ಲಿದೆ. ತಗಡಿನ ಮಾಡು, ಗಾಡಿಯಡಿ ಇಳಿದು ನೋಡಲು ಎರಡು ಗುಂಡಿ, ನೆಲಕ್ಕೆ ಎಷ್ಟು ಎಣ್ಣೆ ಕುಡಿಸಿದ್ದಾನೆಂದರೆ ಒಳಗೆ ಬಂದ ಇಲಿ ಜಾರಿ ಜಾರಿ ನೇರ ಹಿಂಬಾಗಿಲಿಂದ ಆಚೆಗೆ ಹೋಗುತ್ತದೆ. ಗೋಡೆಯ ತುಂಬ ಸೀಮೆಸುಣ್ಣದ ಅಂಕಿಗಳು. ದೊಡ್ಡ ಟೈರು ಹಾಕಿಸಿಕೊಂಡು ಗಾಡಿ ಕೆಡಿಸಿಕೊಂಡವರು ಸುತ್ತಲ ನಾಲ್ಕು ಪಟ್ಟಣಗಳಿಂದ ಅವನಲ್ಲಿಗೆ ಬರುತ್ತಾರೆ. ಟೈರು ದೊಡ್ಡದಾದರೆ ನೋಡಲು ಚೆಂದ, ಕಲ್ಲಿನ ಮೇಲೂ ಸಲೀಸು. ಆದರೆ ಚಕ್ರ ಒಂದು ಸುತ್ತಿಗೆ ಮುಂಚಿಗಿಂತ ಹೆಚ್ಚು ದೂರ ಹೋಗಬೇಕು. ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ ಮುದುಕನಿಗೆ ಇವತ್ತಿನಿಂದ ಎರಡೆರಡು ಹಾರು ಅಂದ ಹಾಗೆ. ಅದೇ ಎಂಜಿನ್ನು, ಅದೇ ಎದೆ. ಅದಕ್ಕೇ ಹಲ್ಲು ಬದಲಾಯಿಸಬೇಕು.

ಎಷ್ಟು ಹಲ್ಲು ಎಂಬುದಕ್ಕೆ ಬೇರೆಯವರು ಪುಸ್ತಕ ನೋಡುತ್ತಾರೆ, ಫೋನು ನೋಡುತ್ತಾರೆ. ಮೇಸ್ತ್ರಿ ಒಂದು ಡಬ್ಬ ಇಟ್ಟುಕೊಂಡಿದ್ದಾನೆ. ಇಪ್ಪತ್ತು ಲೀಟರಿನ ಹಳೆಯ ಆಯಿಲ್ ಡಬ್ಬ. ಅದರ ತುಂಬ ನೀರು ತುಂಬಿ, ಹೆಗಲ ಮೇಲಿಟ್ಟುಕೊಂಡು, ಆ ಗಾಡಿ ಹತ್ತಬೇಕಾದ ದಾರಿಯನ್ನು ಬುಡದಿಂದ ತುದಿಯವರೆಗೆ ನಡೆದು ಹತ್ತುತ್ತಾನೆ. ಉಸಿರು ಕಟ್ಟಿದಲ್ಲಿ ಡಬ್ಬ ಇಳಿಸುತ್ತಾನೆ. ಎಷ್ಟು ಸಲ ಇಳಿಸಿದ ಎಂಬುದೇ ಲೆಕ್ಕ. ಒಂದು ಸಲವಾದರೆ ಹನ್ನೊಂದು ಹಲ್ಲೇ ಇರಲಿ. ಮೂರರವರೆಗೆ ಹತ್ತು. ಏಳರವರೆಗೆ ಒಂಬತ್ತು. ಅದಕ್ಕೂ ಮೇಲೆ ಹೋದರೆ ಎಂಟು. ಎಂಟಕ್ಕೂ ಆಗದಿದ್ದರೆ, "ಗಾಡಿ ಮಾರಿ ಕತ್ತೆ ತಗೊಳ್ಳಿ." ಈ ಲೆಕ್ಕ ಅವನ ಕೈಯಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಜೀಪಕ್ಕ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಆಕೆಗೆ ನಲವತ್ತೆರಡಿರಬೇಕು. ಗುಡ್ಡದ ತುದಿಯ ಕಲ್ಲುಗಣಿಯಲ್ಲಿ ಕ್ಯಾಂಟೀನು ನಡೆಸುತ್ತಿದ್ದಳು. ಕ್ಯಾಂಟೀನು ಮುಚ್ಚಿದಾಗ ಗಣಿಯವರ ಹಳೇ ಉದ್ದನೆಯ, ನಾಲ್ಕೂ ಚಕ್ರ ಎಳೆಯುವ ಜೀಪನ್ನು ಕೊಂಡು, ಮೇಲಿನ ಮನೆಗಳ ಹತ್ತು ಮಕ್ಕಳನ್ನು ಕೆಳಗಿನ ಪಟ್ಟಣದ ಶಾಲೆಗೆ ಬಿಡುವ ಕೆಲಸ ಹಿಡಿದಳು. ಗುಡ್ಡದ ದಾರಿಯಲ್ಲಿ ಕಲ್ಲುಗಳು ಜೀಪಿನ ಹೊಟ್ಟೆ ಕೆರೆಯುತ್ತಿದ್ದವು, ಅದಕ್ಕೆ ದೊಡ್ಡ ಟೈರು ಹಾಕಿಸಿದಳು. ಹೊಟ್ಟೆ ಕೆರೆಯುವುದು ನಿಂತಿತು. ಜೀಪೂ ನಿಂತಿತು.

"ಮೇಸ್ತ್ರಿ, ಮೂರನೇ ತಿರುವಿಗೆ ಬಂದ್ರೆ ಉಸಿರು ಬಿಟ್ಟುಬಿಡುತ್ತೆ. ಕ್ಲಚ್ಚು ಸುಟ್ಟ ವಾಸನೆ. ಹೋದ ವಾರ ಮಕ್ಕಳನ್ನೆಲ್ಲ ಇಳಿಸಿ ತಳ್ಳಿಸಿದೆ."

"ತಳ್ಳಿದ್ರಾ?"

"ತಳ್ಳಿದ್ರು. ಅವರ ಅಪ್ಪ ಅಮ್ಮಂದಿರು ಇನ್ಸ್‌ಪೆಕ್ಟರಿಗೆ ಹೇಳಿದ್ರು."

ಸಾರಿಗೆ ಇಲಾಖೆಯ ಆ ಇನ್ಸ್‌ಪೆಕ್ಟರು ಕೆಟ್ಟವನಲ್ಲ. ಎರಡು ವಾರ ಸಮಯ ಕೊಟ್ಟಿದ್ದ. ಮುಂದಿನದರ ಮುಂದಿನ ಸೋಮವಾರ ತಾನೇ ಬಂದು ಕೂರುತ್ತಾನೆ. ಹತ್ತೂ ಮಕ್ಕಳನ್ನು ಕೂರಿಸಿಕೊಂಡು ಜೀಪು ಮೂರನೇ ತಿರುವಿನಲ್ಲಿ ಪೂರ್ತಿ ನಿಲ್ಲಬೇಕು, ಅಲ್ಲಿಂದ ಹಿಂದಕ್ಕೆ ಜಾರದೆ ಮತ್ತೆ ಹತ್ತಬೇಕು. ಹತ್ತಿದರೆ ಪರವಾನಗಿ. ಇಲ್ಲದಿದ್ದರೆ ಮಕ್ಕಳನ್ನು ಕೂರಿಸುವಂತಿಲ್ಲ, ಅಲ್ಲಿಯವರೆಗೂ ಕೂರಿಸುವಂತಿಲ್ಲ. ಮಕ್ಕಳು ಗುಡ್ಡವನ್ನು ನಡೆದೇ ಇಳಿದು, ಬುಡದಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಸಂಜೆ ನಡೆದೇ ಹತ್ತುತ್ತಿದ್ದರು.

"ಇನ್ನೊಂದು ಮಾತು," ಎಂದಳು ಜೀಪಕ್ಕ. "ಗುಡ್ಡ ಹತ್ತೋ ಹಾಗೆ ಮಾಡಿ, ಆದ್ರೆ ಓಟ ಪೂರ್ತಿ ಕಿತ್ಕೊಬೇಡಿ. ಕೆಳಗೆ ಹದಿನಾಲ್ಕು ಕಿಲೋಮೀಟರ್ ಸಪಾಟು ರಸ್ತೆ. ಶಾಲೆ ಗಂಟೆ ಹೊಡೆದ ಮೇಲೆ ಹೋದ್ರೆ ಗೇಟು ಹಾಕ್ತಾರೆ."

ಮೇಸ್ತ್ರಿ ಗೋಡೆಯ ಮೇಲೆ ಕೂಡಿ ಕಳೆದ. ಟೈರಿನ ಎತ್ತರಕ್ಕೆ ತಕ್ಕ ಹಾಗೆ ನೋಡಿದರೆ ಹತ್ತು ಹಲ್ಲಿಗೂ ಒಂಬತ್ತು ಹಲ್ಲಿಗೂ ನಡುವೆ ಬಂತು. ಒಂಬತ್ತೂವರೆ ಹಲ್ಲಿನ ಪಿನಿಯನ್ನನ್ನು ಇನ್ನೂ ಯಾರೂ ಮಾಡಿಲ್ಲ. "ಗುಡ್ಡಾನೇ ಹೇಳಬೇಕು" ಎಂದು ಡಬ್ಬಕ್ಕೆ ಕೈ ಹಾಕಿದ.

ಮನೆ ಶೆಡ್ಡಿನ ಬೆನ್ನಿಗೇ ಇದೆ. ತಂಗಿ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದಳು: "ಡಬ್ಬ ಕೆಳಗಿಡಿ!"

ಅವನ ಮಂಡಿಯ ಕಥೆ ಆ ವರ್ಷ ಮುಗಿದಿತ್ತು. ಮೂವತ್ತು ವರ್ಷ ಬೇರೆಯವರ ಗುಡ್ಡ ಹತ್ತಿ ಹತ್ತಿ ಎರಡೂ ಮಂಡಿಯ ಚಿಪ್ಪು ತಟ್ಟೆಯಂತೆ ಚಪ್ಪಟೆಯಾಗಿತ್ತು. ಅವನು ಎದ್ದು ನಿಂತರೆ ಪಕ್ಕದ ಬೀದಿಯವರು ಬಾಗಿಲು ಯಾರು ತೆಗೆದರೆಂದು ನೋಡುತ್ತಿದ್ದರು. ಡಾಕ್ಟರು ಮೆಟ್ಟಿಲು ಕೂಡ ಬೇಡ ಅಂದಿದ್ದರು.

"ನಾನು ಹೊರ್ತೀನಿ ಬಿಡಿ" ಎಂದಳು ಜೀಪಕ್ಕ.

"ನೀನು ಬೇಡ ಕಣಮ್ಮ. ದಿನಾ ಹತ್ತೋಳು, ನಿನ್ನ ಎದೆಗೆ ಆ ಗುಡ್ಡ ಅಭ್ಯಾಸ. ನಿನ್ನ ಜೀಪಿನ ಎಂಜಿನ್ನು ಹಳೇದು. ಹೊರೋನೂ ಹಳಬನೇ ಆಗಿರಬೇಕು." ಹೀಗೆಂದು ಮೇಸ್ತ್ರಿ ಟೀ ಕುಡಿಯುತ್ತ ಕೂತಿದ್ದ ನನ್ನ ಕಡೆ ತಿರುಗಿದ. "ಭಾವ."

ನನಗೆ ಆಗ ಅರವತ್ತೊಂಬತ್ತು. ಟೀ ಇನ್ನೂ ಅರ್ಧ ಉಳಿದಿತ್ತು.

ಮಂಗಳವಾರ ಬೆಳಿಗ್ಗೆ ಡಬ್ಬ ಹೊತ್ತೆ. ಮೊದಲನೇ ಸಲ ಇಳಿಸಿದ್ದು ಮೊದಲನೇ ತಿರುವಿಗೂ ಮುಂಚೆ. ಅಲ್ಲೊಂದು ಮರವಿತ್ತು, ಮರದಡಿ ನೆರಳಿತ್ತು, ಸುತ್ತ ಯಾರೂ ಇರಲಿಲ್ಲ. ನೀರು ಚೆಲ್ಲಿ, ಒಂದು ನಿದ್ದೆ ತೆಗೆದು, ಮಧ್ಯಾಹ್ನ ಕೆಳಗಿಳಿದು ಯಾವುದಾದರೂ ಒಂದು ಅಂಕಿ ಹೇಳುವುದಕ್ಕೆ ಏನೂ ಅಡ್ಡಿಯಿರಲಿಲ್ಲ. ಅಂಕಿಯನ್ನು ಆರಿಸಿಯೂ ಆಗಿತ್ತು. ಹದಿನಾಲ್ಕು. ಜೊತೆಗೊಂದು ಚಿರತೆ.

ಅಷ್ಟರಲ್ಲಿ ಮೇಲಿನಿಂದ ಮಕ್ಕಳು ಇಳಿದು ಬಂದರು. ಹತ್ತೂ ಜನ ಸಾಲಾಗಿ, ಬೆನ್ನಿಗೆ ಚೀಲ, ಕೈಯಲ್ಲಿ ಬೂಟು. ಬೂಟು ಸವೆಯುತ್ತದೆಂದು ಬುಡದಲ್ಲಿ ಹಾಕಿಕೊಳ್ಳುತ್ತಾರಂತೆ. ಎಲ್ಲರಿಗಿಂತ ಹಿಂದಿದ್ದ, ಚೀಲಕ್ಕಿಂತ ಸ್ವಲ್ಪವೇ ದೊಡ್ಡದಾದ ಒಂದು ಹುಡುಗಿ ನನ್ನ ಮುಂದೆ ನಿಂತಿತು.

"ತಾತ, ಡಬ್ಬದಲ್ಲಿ ಏನು?"

"ನೀರು."

"ಮೇಲಕ್ಕೆ ತಗೊಂಡು ಹೋಗ್ತಿದ್ದೀಯಾ?"

"ಹೂಂ."

"ಮೇಲೆ ನೀರಿದೆ ತಾತ," ಎಂದು ಮೆಲ್ಲಗೆ, ನನಗೆ ಬೇಜಾರಾಗದ ಹಾಗೆ ಹೇಳಿ, ಉಳಿದವರ ಹಿಂದೆ ಬರಿಗಾಲಲ್ಲಿ ಓಡಿತು.

ನಾನು ಡಬ್ಬ ಎತ್ತಿಕೊಂಡೆ. ಆಮೇಲೆ ಎರಡನೇ ತಿರುವಿನಲ್ಲಿ ಇಳಿಸಿದೆ. ಮೂರನೆಯದರಲ್ಲಿ ಎರಡು ಸಲ ಇಳಿಸಿದೆ. ಅಲ್ಲಿ ದಾರಿ ಮುಖಕ್ಕೇ ಬಂದು ತಾಗುತ್ತದೆ. ಆಮೇಲೆ ಎರಡು ಸಲ. ಒಟ್ಟು ಆರು. ತುದಿಯಲ್ಲಿ ನಿಂತು ನನ್ನನ್ನೇ ನಾನು ಇನ್ನೊಮ್ಮೆ ಕೇಳಿಕೊಂಡೆ. ಆರೇ.

ಸಂಜೆ ಶೆಡ್ಡಿಗೆ ಬಂದು, "ಆರು" ಎಂದೆ. ಡಬ್ಬ ಇಟ್ಟೆ. ಮನೆಗೆ ಹೋಗಿ ಮಲಗಿದೆ. ಬೆನ್ನು ವಾರದವರೆಗೆ ಮಂಚ ಬಿಟ್ಟೇಳಲಿಲ್ಲ, ನಾನು ಏಳಬೇಕೆಂದರೂ ಅದು ಬಿಡಲಿಲ್ಲ. ಅದಕ್ಕೇ ಮುಂದಿನದನ್ನು ನಾನು ನೋಡಲಿಲ್ಲ.

ಮುಂದೆ ಆದದ್ದು ಇಷ್ಟು. ಬಿಡಿಭಾಗದ ಅಂಗಡಿಯವನು ಗುರುವಾರ ಎರಡೂ ಬಗೆಯ ಜೋಡಿಗಳನ್ನು ಕಳಿಸಿದ. ಹತ್ತು ಹಲ್ಲಿನವು ಎರಡು ಜೋಡಿ, ಒಂಬತ್ತರವು ಎರಡು ಜೋಡಿ, ಬೇಡದ್ದನ್ನು ತಿಂಗಳೊಳಗೆ ಹಿಂದಕ್ಕೆ ಕೊಟ್ಟರಾಯಿತು. ಮೇಸ್ತ್ರಿ ಹತ್ತು ಹಲ್ಲಿನವನ್ನು ಎತ್ತಿಕೊಂಡ. ಒಂಬತ್ತರವನ್ನು ಮನೆಯೊಳಗಿಟ್ಟ.

ಅವನ ಕೆಲಸದ ಬಗ್ಗೆ ಸುಳ್ಳು ಹೇಳಲು ನನಗೂ ಬಾಯಿ ಬರುವುದಿಲ್ಲ. ಎರಡು ಹಲ್ಲುಗಳ ನಡುವೆ ಬಿಡಬೇಕಾದ ಸಂದು ಕೂದಲೆಳೆಯಷ್ಟು. ಹೆಚ್ಚಾದರೆ ಬಡಿದುಕೊಳ್ಳುತ್ತವೆ, ಕಡಿಮೆಯಾದರೆ ಕಾದು ಕಚ್ಚಿಕೊಳ್ಳುತ್ತವೆ. ಅವನು ಕಾಗದದಂಥ ತಗಡಿನ ಬಿಲ್ಲೆ ಒಂದು ಹಾಕುತ್ತಾನೆ, ತಿರುಗಿಸುತ್ತಾನೆ, ತೆಗೆಯುತ್ತಾನೆ, ಇನ್ನೂ ತೆಳ್ಳನೆಯದು ಹಾಕುತ್ತಾನೆ. ಹಲ್ಲಿಗೆ ಹಳದಿ ಬಣ್ಣ ಬಳಿದು ತಿರುಗಿಸಿ, ಬಣ್ಣ ಎಲ್ಲಿ ಅಳಿಸಿತೆಂದು ಕನ್ನಡಕ ಮೂಗಿನ ತುದಿಗೆ ತಂದು ನೋಡುತ್ತಾನೆ. ಗುರುತು ಹಲ್ಲಿನ ನಡುಮಧ್ಯೆ ಬರುವವರೆಗೆ ಊಟವಿಲ್ಲ. ಒಂದು ಜೋಡಿಗೆ ಎರಡು ದಿನ. ಎರಡು ಜೋಡಿಗೆ ನಾಲ್ಕು. ಆಮೇಲೆ ಎರಡು ದಿನ ಸಪಾಟು ರಸ್ತೆಯಲ್ಲಿ ಮೆಲ್ಲಗೆ ಓಡಿಸಿ, ತಣಿಸಿ, ಮತ್ತೆ ಓಡಿಸಿ ಹದ ಮಾಡಿದರು. ಪರೀಕ್ಷೆಗೆ ಇನ್ನು ಐದೇ ದಿನವಿರುವಾಗ, ಬುಧವಾರ, ಗುಡ್ಡಕ್ಕೆ ಹೊರಟರು. ನಾನೂ ಅವತ್ತೇ ಎದ್ದು ಕೋಲು ಊರಿಕೊಂಡು ಬಂದಿದ್ದೆ.

ಮಕ್ಕಳನ್ನು ಕೂರಿಸುವಂತಿರಲಿಲ್ಲವಲ್ಲ, ಎರಡು ಮಕ್ಕಳಿಗೆ ಒಬ್ಬ ದೊಡ್ಡವರಂತೆ ಐದು ಜನ ಬೇಕಾಯಿತು. ಬೀದಿಯ ದರ್ಜಿ, ಕ್ಷೌರದವನು, ಟೈರಿನಂಗಡಿಯವನು, ನಾನು, ಮೇಸ್ತ್ರಿ. ದರ್ಜಿ ಮೂರು ಮಕ್ಕಳಷ್ಟಿದ್ದಾನೆ, ಕ್ಷೌರದವನು ಒಂದೇ ಮಗುವಿನಷ್ಟು, ಸರಿದೂಗಿತು.

ಸಪಾಟಿನಲ್ಲಿ ಜೀಪು ಹಕ್ಕಿಯ ಹಾಗೆ ಓಡಿತು. ಜೀಪಕ್ಕ ನಕ್ಕಳು. ಮೊದಲನೇ ತಿರುವು, ಎರಡನೇ ತಿರುವು. ಮೂರನೆಯದರಲ್ಲಿ ನಿಲ್ಲಿಸಿ, ಮತ್ತೆ ಎಳೆದಳು. ಜೀಪು ನಡುಗಿತು, ಕೆಮ್ಮಿತು, ಒಂದು ಮಾರು ಹಿಂದಕ್ಕೆ ಜಾರಿತು. ಕ್ಲಚ್ಚಿನ ವಾಸನೆ ಬಂತು.

"ದರ್ಜಿ, ಇಳಿ" ಎಂದ ಮೇಸ್ತ್ರಿ.

ದರ್ಜಿ ಇಳಿದ. ಜೀಪು ಹತ್ತಿತು. ಹಿಂದಕ್ಕೆ ತಂದು ದರ್ಜಿಯನ್ನು ಹತ್ತಿಸಿಕೊಂಡರು. ಜೀಪು ನಿಂತಿತು. ಇದನ್ನು ಮೂರು ಸಲ ಮಾಡಿದರು. ಮೂರನೇ ಸಲ ದರ್ಜಿ ಕಣ್ಣಲ್ಲಿ ನೀರು ತಂದುಕೊಂಡು, "ನನಗೆ ಅಂಗಡಿ ಇದೆ ಮಾರಾಯರೇ" ಎಂದ.

ಮೇಸ್ತ್ರಿ ಬಂಡೆಯ ಮೇಲೆ ಕೂತ.

"ಭಾವ, ಡಬ್ಬ ಎಷ್ಟು ಸಲ ಇಳಿಸಿದ್ರಿ?"

"ಆರು."

"ಅಲ್ಲ, ನಿಜವಾಗ್ಲೂ ಎಷ್ಟು?"

"ಆರು ಅಂದೆನಲ್ಲಯ್ಯ."

ಅವನ ಮುಖ ಸುಣ್ಣವಾಯಿತು. "ನಾನು ಮೂರು ಅಂತ ಹಿಡಿದೆ."

ಜೀಪಕ್ಕ ಸ್ಟೀರಿಂಗ್ ಬಿಟ್ಟು ಕೆಳಗಿಳಿದಳು. ಕೂಗಲಿಲ್ಲ, ಅದೇ ಹೆಚ್ಚು ನಾಟಿತು. "ಮೇಸ್ತ್ರಿ, ನೀವು ನನ್ನ ಗುಡ್ಡಕ್ಕೆ ಲೆಕ್ಕ ಹಾಕಿದ್ರಾ, ಇವರ ಬಾಯಿಗೆ ಲೆಕ್ಕ ಹಾಕಿದ್ರಾ?"

ಮೇಸ್ತ್ರಿ ನನ್ನ ಮೇಲೆ ಹರಿಹಾಯ್ದ. "ಒಂದು ಮಾತು ಹೇಳಬಾರದಿತ್ತಾ ಭಾವ, ಈ ಸಲ ನಿಜ ಹೇಳ್ತಿದ್ದೀನಿ ಅಂತ?"

"ಹೇಳಿದ್ರೆ ನಂಬ್ತಿದ್ಯಾ?"

"ಹೇಗೆ ನಂಬಲಿ? ಅದನ್ನ ನೀವು ದಿನಾ ಹೇಳ್ತೀರಲ್ಲ!"

ನಲವತ್ತು ವರ್ಷಗಳಲ್ಲಿ ಒಂದೇ ಒಂದು ಸಲ ನಿಜ ಹೇಳಿ, ಒಬ್ಬ ಹೆಂಗಸಿನ ಜೀಪು ಕೆಡಿಸಿದ್ದೆ.

ಗುಡ್ಡ ಇಳಿಯುವಾಗ ಟೈರಿನಂಗಡಿಯವನು, "ಎಂಟೇ ಹಾಕಿಬಿಡಿ ಮೇಸ್ತ್ರಿ, ಗೋಡೆ ಬೇಕಾದ್ರೂ ಹತ್ತುತ್ತೆ" ಎಂದು ಎರಡು ಸಲ ಹೇಳಿದ.

ಶೆಡ್ಡಿಗೆ ಬಂದ ಮೇಲೆ ಮೇಸ್ತ್ರಿ ಅದನ್ನೇ ಹಿಡಿದುಕೊಂಡ. "ಎಂಟೇ ಸರಿ. ಇವತ್ತು ಹೇಳಿ ಕಳಿಸಿದ್ರೆ ನಾಳೆ ಬರುತ್ತೆ."

"ಎಂಟು ಹಾಕಿದ್ರೆ ಸಪಾಟಲ್ಲಿ ತೆವಳುತ್ತೆ," ಎಂದಳು ಜೀಪಕ್ಕ. "ದಿನಾ ಗೇಟಿನ ಆಚೆ ನಿಲ್ಲಬೇಕಾಗುತ್ತೆ ಮಕ್ಕಳು. ಅದಕ್ಕಿಂತ ನಡೆಯೋದೇ ಮೇಲು."

"ಆರು ನಿಜವಾದ್ರೆ ಒಂಬತ್ತು ಸಾಕು. ಆದರೆ ನನಗೆ ಈಗ ಯಾವ ಆರು ಅಂತ ಗೊತ್ತಿಲ್ಲ ಕಣಮ್ಮ. ಇವರು ನಾಚಿಕೆಗೆ ಕಡಿಮೆ ಮಾಡಿ ಆರು ಅಂದಿದ್ರೆ? ಹನ್ನೆರಡಿದ್ರೆ? ಇನ್ನೊಂದು ಸಲ ಅಳೆಯೋಕೆ ದಿನ ಇಲ್ಲ. ಇವತ್ತೇ ಬಿಚ್ಚಬೇಕು, ಇಲ್ಲ ಅಂದ್ರೆ ಸೋಮವಾರಕ್ಕೆ ಇಲ್ಲ."

ನಾನು ಎದೆ ಮುಟ್ಟಿಕೊಂಡೆ. "ನನ್ನ ತಂಗಿ ಮೇಲಾಣೆ ಕಣಯ್ಯ, ಆರೇ."

"ಅವಳ ಮೇಲೆ ಆಣೆ ಇಟ್ಟೇ ಅಲ್ವಾ ಭಾವ ನೀವು ಬಸ್ಸಲ್ಲಿ ಆನೆಗೆ ಟಿಕೆಟ್ ಕೊಟ್ಟೆ ಅಂದಿದ್ದು?"

ತಂಗಿ ಹಿಂಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಯಾವಾಗ ಬಂದಳೋ. "ಇವನು ಹೇಗೆ ಹೇಳಿದ?" ಎಂದು ಗಂಡನನ್ನು ಕೇಳಿದಳು.

"ಏನು ಹೇಗೆ?"

"ಅವತ್ತು ಸಂಜೆ ಬಂದು ಏನಂದ? ಅವನ ಮಾತಲ್ಲೇ ಹೇಳಿ."

"'ಆರು' ಅಂದ್ರು. ಡಬ್ಬ ಇಟ್ರು. ಹೋದ್ರು."

"ಅಷ್ಟೇನಾ?"

"ಅಷ್ಟೇ."

"ಬಿಸಿಲು ಎಷ್ಟಿತ್ತು ಅಂತ ಹೇಳಲಿಲ್ವಾ?"

"ಇಲ್ಲ."

"ಚಿರತೆ?"

ಮೇಸ್ತ್ರಿ ನೆನಪು ಮಾಡಿಕೊಂಡ. "ಇಲ್ಲ. ಚಿರತೆ ಬರಲಿಲ್ಲ."

"ಹಾವಾದ್ರೂ?"

"ಒಂದು ಹಾವೂ ಇಲ್ಲ."

"ಹಾಗಾದ್ರೆ ಆರೇ," ಎಂದಳು ತಂಗಿ. "ಸುಳ್ಳಾಗಿದ್ರೆ ಬರೀ ಅಂಕಿ ಹೇಳಿ ಸುಮ್ಮನೆ ಹೋಗೋ ಮನುಷ್ಯನೇ ಅಲ್ಲ ಇವನು. ನಾನು ಇವನ ಜೊತೆ ಹುಟ್ಟಿ ಬೆಳೆದೋಳು. ಒಂಬತ್ತು ಹಾಕಿ. ನಾನು ಹೇಳಿಕೊಟ್ಟ ಲೆಕ್ಕ ಅದು, ತಪ್ಪಿದ್ದು ನನ್ನ ಲೆಕ್ಕ."

ಮೇಸ್ತ್ರಿ ಅವಳ ಮುಖ ನೋಡಿದ. ಬಹುಶಃ ಮೊದಲನೇ ಸಲ. "ಒಂಬತ್ತರವು ಎಲ್ಲಿ?"

ಅಲ್ಲೊಂದು ತೊಡಕಿತ್ತು. ಮನೆಯೊಳಗೆ ಒಂದು ವಾರ ಸುಮ್ಮನೆ ಬಿದ್ದಿದ್ದ ಕಬ್ಬಿಣವನ್ನು ತಂಗಿ ಕೆಲಸಕ್ಕೆ ಹಚ್ಚಿದ್ದಳು. ಎರಡು ಕ್ರೌನುಗಳ ಮೇಲೆ ಬಿಸಿ ಪಾತ್ರೆಗಳು ಕೂತಿದ್ದವು. ಪಿನಿಯನ್ನುಗಳು ಎರಡು ಕಿಟಕಿಗಳನ್ನು ಗಾಳಿಗೆ ಬಡಿಯದ ಹಾಗೆ ಹಿಡಿದಿದ್ದವು. ಈ ಕ್ರೌನು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಒಬ್ಬರ ಗಂಡನನ್ನು ಇನ್ನೊಬ್ಬರ ಮನೆಗೆ ಕಳಿಸುವಂತಿಲ್ಲ. ಮೇಸ್ತ್ರಿ ಅಡುಗೆಮನೆಯ ನೆಲದ ಮೇಲೆ ಕೂತು, ಹಿಂಬದಿಯಲ್ಲಿ ಕೊರೆದ ಸಣ್ಣ ಅಂಕಿಗಳನ್ನು ಓದಿ, ಬಟ್ಟೆಯಲ್ಲಿ ಒರೆಸಿ, ಜೋಡಿ ಸೇರಿಸಿದ. ಒಂದು ಹಲ್ಲಿಗೂ ಏನೂ ಆಗಿರಲಿಲ್ಲ. ಒಂದು ಕ್ರೌನು ಮಾತ್ರ ಸಾರಿನ ವಾಸನೆ ಹೊಡೆಯುತ್ತಿತ್ತು, ಅದು ಹಿಂದಿನ ಚಕ್ರಕ್ಕೆ ಹೋಯಿತು.

ಹದ ಮಾಡುವ ಎರಡು ದಿನ ಸೇರಿಸಿದರೆ ಕೆಲಸ ಸೋಮವಾರ ದಾಟುತ್ತಿತ್ತು. ಅದಕ್ಕೆ ನಾಲ್ಕು ದಿನದ ಕೆಲಸವನ್ನು ಅವನು ಮೂರೇ ದಿನದಲ್ಲಿ ಮುಗಿಸಿದ. ನಾನು ಬಿಲ್ಲೆಗಳನ್ನು ಎತ್ತಿಕೊಟ್ಟೆ. ತಂಗಿ ಹಳದಿ ಬಣ್ಣ ಕಲಸಿದಳು. ಆ ಮೂರು ದಿನ ಅವನು ಬಾಯಿಬಿಟ್ಟಿದ್ದು ಎರಡು ಸಲ: ಒಂದು ಸಲ "ಇನ್ನೂ ತೆಳ್ಳನೇದು", ಇನ್ನೊಂದು ಸಲ ಆಕಳಿಕೆ. ಭಾನುವಾರ ಇಡೀ ದಿನ ಜೀಪಕ್ಕ ಸಪಾಟು ರಸ್ತೆಯಲ್ಲಿ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಅಚ್ಚಿನ ಗುಂಡಿನ ಮೇಲೆ ಅಂಗೈಯಿಟ್ಟು ಬಿಸಿ ನೋಡಿ, ಮತ್ತೆ ಓಡಿಸಿದಳು. ಗುಡ್ಡದಲ್ಲಿ ಹತ್ತಿಸಿ ನೋಡಲು ಹೊತ್ತು ಉಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ಬಂದ. ಆ ದಿನದ ಮಟ್ಟಿಗೆ ಶಾಲೆಗೆ ತಡವಾಗಿ ಬರಲು ಹೆಡ್‌ಮಾಸ್ತರರ ಒಪ್ಪಿಗೆಯಿತ್ತು, ಮಕ್ಕಳೆಲ್ಲ ಬುಡದಲ್ಲೇ ಜೀಪು ಹತ್ತಿದರು. ಆಮೇಲೆ ಇನ್ಸ್‌ಪೆಕ್ಟರು ಮುಂದಿನ ಸೀಟಿಗೆ ಹತ್ತಿದ. ಜೀಪು ಆ ಕಡೆಗೆ ವಾಲಿತು. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಒಬ್ಬ ಇನ್ಸ್‌ಪೆಕ್ಟರೆಂದರೆ ದರ್ಜಿ ಮತ್ತು ದರ್ಜಿಯ ಹೊಲಿಗೆ ಮಿಷನ್ನು. ಅವನ ತೂಕವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ಕೂತಲ್ಲೇ ಜೀಪಿನ ಕಾಗದಪತ್ರಗಳನ್ನು ಒಂದೊಂದಾಗಿ ನೋಡಿ ಮುಗಿಸುವಷ್ಟರಲ್ಲಿ ನಾನು ಕೋಲೂರಿಕೊಂಡು ಹೊರಟು ಮೂರನೇ ತಿರುವಿಗೆ ಹೋಗಿ ನಿಂತೆ. ಡಬ್ಬವಿಲ್ಲದಿದ್ದರೂ ಎರಡು ಸಲ ಕೂತೆ. ಮೇಸ್ತ್ರಿಯ ಮಂಡಿಗೆ ಅಲ್ಲಿಯವರೆಗೆ ಬರಲಾಗುತ್ತಿರಲಿಲ್ಲ, ಬುಡದಿಂದ ಕೇಳಿಸಿಕೊಳ್ಳುವ ಧೈರ್ಯವೂ ಇರಲಿಲ್ಲ. ಇಂಥ ಕಿವಿಯಿರುವವನಿಗೆ ಎಂಜಿನ್ನು ಸೋಲುವ ಸದ್ದು ಸೋಲುವುದಕ್ಕೆ ಮುಂಚೆಯೇ ಕೇಳುತ್ತದೆ. ಶೆಡ್ಡಿನೊಳಗೆ ಹೋಗಿ ಗ್ರೈಂಡರ್ ಹಾಕಿ ಒಂದು ಉಳಿಯನ್ನು ಹರಿತ ಮಾಡುತ್ತ ನಿಂತನಂತೆ.

ಜೀಪು ಬಂತು. ಮೂರನೇ ತಿರುವಿನಲ್ಲಿ ನಿಂತಿತು. ಇನ್ಸ್‌ಪೆಕ್ಟರು ಇಳಿದು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಹಿಂದಿನ ಟೈರಿನ ಹಿಂಬದಿಗೆ ಒತ್ತಿಕೊಂಡ ಹಾಗೆ ನೆಲದ ಮೇಲಿಟ್ಟ. ಮತ್ತೆ ಹತ್ತಿ ಕೂತ. "ಹೊರಡಿ."

ಜೀಪಕ್ಕ ಕಣ್ಣು ಮುಚ್ಚಿ ತೆಗೆದಳು. ಹಿಂದಿನ ಸೀಟಿನಿಂದ ಆ ಪುಟ್ಟ ಹುಡುಗಿ ನನ್ನನ್ನು ಗುರುತು ಹಿಡಿದು, ನನ್ನ ಹೆಗಲ ಮೇಲೆ ಡಬ್ಬವಿಲ್ಲವೆಂದು ಪಕ್ಕದವಳಿಗೆ ತೋರಿಸುತ್ತಿತ್ತು. ಎಂಜಿನ್ನು ಏರಿತು. ಬ್ರೇಕು ಬಿಟ್ಟಳು. ಜೀಪು ಹಿಂದಕ್ಕೆ ಅಲುಗಲಿಲ್ಲ. ಆತುರವಿಲ್ಲದ ಎಮ್ಮೆಯ ಹಾಗೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಮುಂದಿಟ್ಟು ತಿರುವು ದಾಟಿ ಹೋಯಿತು. ಬೆಂಕಿಪೊಟ್ಟಣ ಇಟ್ಟಲ್ಲೇ, ಇಟ್ಟ ಹಾಗೇ ಇತ್ತು. ಕಡ್ಡಿಗಳನ್ನು ಎಣಿಸಿದೆ, ಅವೂ ಸರಿಯಾಗಿದ್ದವು.

ಜೀಪು ತುದಿ ಮುಟ್ಟಿ ಇಳಿದು ಬರುವುದಕ್ಕೆ ಮುಂಚೆ ನಾನು ಬುಡಕ್ಕೆ ಬಂದೆ. ಶೆಡ್ಡಿನ ಬಾಗಿಲಲ್ಲಿ ತಂಗಿ ನಿಂತಿದ್ದಳು. ಒಳಗೆ ಗ್ರೈಂಡರ್ ಕೂಗುತ್ತಿತ್ತು. ಮೇಸ್ತ್ರಿ ನನ್ನನ್ನು ಕಂಡು ಅದನ್ನು ಆರಿಸಿದ. ಉಳಿ ಅಷ್ಟು ಹೊತ್ತಿಗೆ ಸೂಜಿಯಾಗಿತ್ತು, ಅದಕ್ಕೆ ದಾರ ಪೋಣಿಸಿ ದರ್ಜಿಗೆ ಕೊಡಬಹುದಿತ್ತು.

"ಏನಾಯ್ತು ಭಾವ?"

"ಹತ್ತಿತು" ಎಂದೆ.

ಅವನು ಕಾದ. ಇನ್ನೇನಾದರೂ ಬರುತ್ತದೆಯೇ ಎಂದು ನನ್ನ ಬಾಯನ್ನೇ ನೋಡುತ್ತಿದ್ದ. ತಂಗಿಯೂ ನೋಡುತ್ತಿದ್ದಳು. ತಿರುವಿನ ಆಚೆ ಪೊದೆ ಅಲುಗಿದ್ದು, ಹಳದಿ ಬಣ್ಣದ್ದೊಂದು ಕಂಡಂತಾದದ್ದು, ಇನ್ಸ್‌ಪೆಕ್ಟರು ಕಿರುಚಿದ್ದು, ಎಲ್ಲ ನನ್ನ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು. ಎಲ್ಲವನ್ನೂ ನುಂಗಿಕೊಂಡೆ.

ಮೇಸ್ತ್ರಿ ಮೆಲ್ಲಗೆ ಬೆಂಚಿನ ಮೇಲೆ ಕೂತ. ಆಮೇಲೆ ಕೈಯೂರಿ ಎದ್ದು, ಗೋಡೆಯ ಮೇಲೆ ಜೀಪಿನ ಲೆಕ್ಕಕ್ಕೆ ಬರೆದುಕೊಂಡಿದ್ದ ಮೂರು ಎಂಬ ಅಂಕಿಯನ್ನು ಅಂಗೈಯಿಂದ ಅಳಿಸಿ ಆರು ಎಂದು ಬರೆದ.